ಮೊದಲ ರ‍್ಯಾಂಕ್ ಇಲ್ಲದ ಚಾಂಪಿಯನ್

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಹಾಸ್ಟೆಲ್‌ನಲ್ಲಿ ಒಂದೇ ಪ್ರಶ್ನೆ: ‘ನಿನ್ನ ಸಿಜಿಪಿಎ ಎಷ್ಟು?’ ಕಂಪನಿ ಕ್ಯಾಂಪಸ್‌ಗೆ ಬರುವ ಮೊದಲೇ ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ನಾವೇ ತೀರ್ಪು ಕೊಟ್ಟಿರುತ್ತೇವೆ. 6.9 ಇರುವ ನಾನು ಆ ಪಟ್ಟಿಯಲ್ಲಿ ಎಲ್ಲೋ ನಡುವೆ. ಅದಕ್ಕೇ ಏನೋ, ಅಮೆರಿಕದ ಡಿಸ್ಕಸ್ ಎಸೆತಗಾರ ಆಲ್ ಓರ್ಟರ್ ನನಗೆ ಬಹಳ ಇಷ್ಟ.

1956ರಿಂದ 1968ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದರು. ಸೋಜಿಗವೆಂದರೆ, ನಾಲ್ಕೂ ಸಲ ಕಣಕ್ಕಿಳಿದಾಗ ವಿಶ್ವದಾಖಲೆ ಇದ್ದದ್ದು ಬೇರೆಯವರ ಹೆಸರಿನಲ್ಲಿ. ಆದರೆ ಪ್ರತಿ ಸಲವೂ ಹೊಸ ಒಲಿಂಪಿಕ್ ದಾಖಲೆ ಬರೆದದ್ದು ಓರ್ಟರ್.

ಮೆಲ್ಬರ್ನ್‌ನಲ್ಲಿ ಮೊದಲ ಚಿನ್ನ ಬಂದಾಗ ಅವರಿಗೆ ನನ್ನದೇ ವಯಸ್ಸು, ಇಪ್ಪತ್ತು. ಮರುವರ್ಷ ಕಾರು ಅಪಘಾತದಲ್ಲಿ ಸಾವಿನ ದವಡೆಯಿಂದ ಪಾರಾದರು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಕೆಲವೇ ದಿನಗಳಿದ್ದಾಗ ಪಕ್ಕೆಲುಬಿನ ಮೃದ್ವಸ್ಥಿ ಹರಿಯಿತು. ವೈದ್ಯರು ವಿಶ್ರಾಂತಿ ಹೇಳಿದರೂ ಕೇಳದೆ, ಎದೆಗೆ ಪಟ್ಟಿ ಬಿಗಿದುಕೊಂಡು ಇಳಿದರು. ಐದನೇ ಎಸೆತ 61 ಮೀಟರ್ ಮುಟ್ಟಿತು. 1968ರ ಮೆಕ್ಸಿಕೊದಲ್ಲಿ, 32ನೇ ವಯಸ್ಸಿನಲ್ಲಿ 64.78 ಮೀಟರ್!

ಆಟವೇ ಅವರ ಹೊಟ್ಟೆಪಾಡಾಗಿರಲಿಲ್ಲ. ಗ್ರಮ್ಮನ್ ಎಂಬ ವಿಮಾನ ತಯಾರಿಕಾ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಲೇ ಅಭ್ಯಾಸ ನಡೆಸಿದರು. 1980ರಲ್ಲಿ, 43ರ ಪ್ರಾಯದಲ್ಲಿ 69.46 ಮೀಟರ್ ಎಸೆದರು. ಅದು ಅವರ ಜೀವಮಾನದ ಶ್ರೇಷ್ಠ ಎಸೆತ.

ಹಾಗೆಂದು ಅಂಕವೇ ಬೇಡ ಎನ್ನಲಾರೆ. ಓರ್ಟರ್‌ಗೂ ಕಟಾಫ್ ಇತ್ತು. ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಮೊದಲ ಮೂವರೊಳಗೆ ಬರಲೇಬೇಕಿತ್ತು. 1980ರಲ್ಲಿ ನಾಲ್ಕನೆಯವರಾಗಿ ಹೊರಗುಳಿದರು ಕೂಡ. ಆದರೆ ಗೆರೆ ದಾಟಿ ಒಳಗೆ ಹೋದ ಮೇಲೆ, ಪಕ್ಕದವರ 9.2 ನೋಡಿ ಅಲ್ಲೇ ಕೈಚೆಲ್ಲಬೇಕಾಗಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇನ್ನೂ ಕಾಡುತ್ತದೆ. 1960ರ ರೋಮ್‌ನಲ್ಲಿ ನಾಲ್ಕು ಸುತ್ತು ಮುಗಿದಾಗ ಮುಂದಿದ್ದವರು ಅಮೆರಿಕದವರೇ ಆದ ರಿಂಕ್ ಬಾಬ್ಕಾ. ಓರ್ಟರ್ ಅವರ ಎಡಗೈ ಸರಿಯಾದ ಮಟ್ಟದಲ್ಲಿಲ್ಲ ಎಂದು ಎಚ್ಚರಿಸಿದ್ದು ಅದೇ ಬಾಬ್ಕಾ. ಐದನೇ ಎಸೆತದಲ್ಲಿ ಓರ್ಟರ್ 59.18 ಮೀಟರ್ ದಾಟಿಸಿದರು. ಸಲಹೆ ಕೊಟ್ಟವರಿಗೆ ಬೆಳ್ಳಿ.

ಒಂದೇ ಹುದ್ದೆಗೆ ಇಬ್ಬರು ಗೆಳೆಯರು ಕಾದು ಕುಳಿತಿರುವಾಗ, ‘ನಿನ್ನ ಕೋಡ್‌ನ ಈ ಸಾಲು ತಪ್ಪಿದೆ, ನೋಡಿಕೋ’ ಎಂದು ಹೇಳುವ ಎದೆಗಾರಿಕೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಓರ್ಟರ್ ಆಗುವುದು ಕಷ್ಟ. ಬಾಬ್ಕಾ ಆಗುವುದು ಅದಕ್ಕಿಂತಲೂ ಕಷ್ಟ.