ಉಣಬಡಿಸುವ ವಿದ್ಯೆ

ಬಡಿಗನ ಕೆಲಸಕ್ಕೆ ಕಲಿಕೆ ಬೇಕು, ನೇಕಾರನ ಕೆಲಸಕ್ಕೆ ಕಲಿಕೆ ಬೇಕು. ಆದರೆ ಅನ್ನವನ್ನು ಬಡಿಸುವುದಕ್ಕೂ ಹಾಸಿಗೆಯನ್ನು ಹಾಸಿಕೊಡುವುದಕ್ಕೂ ಯಾವ ಕಲಿಕೆಯೂ ಬೇಡವೆಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಬೇರೆ ಯಾವ ಉದ್ಯೋಗಕ್ಕೂ ಒದಗದವನು ಹೋಟೆಲು ಸೇರಲಿ ಎಂಬ ಮಾತು ಎಲ್ಲೆಡೆಯೂ ಕೇಳಬರುವುದಷ್ಟೆ. ಈ ತಿಳಿವಳಿಕೆಯೇ ಆ ಉದ್ಯಮವನ್ನೂ ಅದರಲ್ಲಿ ದುಡಿಯತಕ್ಕವರನ್ನೂ ಕೀಳುಸ್ಥಿತಿಯಲ್ಲಿ ಇಟ್ಟಿದೆಯೆಂದು ನಮ್ಮ ದೃಢವಾದ ಅಭಿಪ್ರಾಯ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಈ ವಿಷಯವನ್ನು ವಾಚಕರ ಮುಂದೆ ವಿವೇಚಿಸಬಯಸುತ್ತೇವೆ.

ಈ ಐದು ಊರುಗಳು ಮೂಲೆಯಲ್ಲಿ ಮರೆಯಾಗಿ ಬಿದ್ದಿರುವ ಹಳ್ಳಿಗಳಲ್ಲ. 1874ರಲ್ಲಿ ನಿಜಾಮ ಸಂಸ್ಥಾನದ ರೈಲುದಾರಿಯು ಸಿಕಂದರಾಬಾದಿನಿಂದ ಬಂದು ವಾಡಿಯಲ್ಲಿ ಮುಂಬಯಿ-ಮದರಾಸು ದಾರಿಯನ್ನು ಕೂಡಿದಂದಿನಿಂದ ಆ ಊರು ಮೂರು ದಿಕ್ಕಿನ ಪ್ರಯಾಣಿಕರು ಇಳಿದು ಹತ್ತುವ ಸಂಗಮಸ್ಥಾನವಾಗಿದೆ. ಚಿತ್ತಾಪುರವೂ ಸೇಡಮ್ಮೂ ಅದೇ ಸಿಕಂದರಾಬಾದಿನ ದಾರಿಯ ಮೇಲಿನ ನಿಲ್ದಾಣಗಳು. ಶಹಾಬಾದದ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳಿಗೆ ಇಂಜಿನಿಯರರೂ ಲಾರಿ ಚಾಲಕರೂ ವರ್ತಕರೂ ಬರುತ್ತಲೇ ಇರುತ್ತಾರೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನು ಆಳಿದ ನೆಲ. ಜಯತೀರ್ಥರ ಬೃಂದಾವನವಿರುವ ಕಾಗಿಣಾ ತೀರ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬೆಯ ದೇವಾಲಯವಿದೆ. ಅದರ ನೆರೆಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೇ ಕೊರೆದಿರುವ ಅವನ ಪ್ರತಿಮೆ ದೊರೆತಿದೆ. ರೈಲುದಾರಿಯಿಂದ ದೂರವಿರುವ ಚಿಂಚೋಳಿಗೆ 2011ರಲ್ಲಿ ಘೋಷಿತವಾದ ವನ್ಯಜೀವಿಧಾಮವೂ ಚಂದ್ರಂಪಳ್ಳಿಯ ಜಲಾಶಯವೂ ಪ್ರವಾಸಿಗಳನ್ನು ಕರೆತರುತ್ತವೆ.

ಹೀಗೆ ಬರುವವರೆಲ್ಲರೂ ಮೊದಲು ಕಾಣುವುದು ಪ್ರಾಚೀನ ಕೋಟೆಯನ್ನಲ್ಲ. ಖಾನಾವಳಿಯ ಮೇಜನ್ನು, ವಸತಿಗೃಹದ ಕೋಣೆಯನ್ನು, ಚಹದಂಗಡಿಯ ಲೋಟವನ್ನು. ನೀರು ತಂದಿಡುವ ಯುವಕನ ಕೈ ಶುಚಿಯಾಗಿದ್ದರೆ ಊರೇ ಶುಚಿಯೆಂದು ಅವರು ತಿಳಿದು ಹೋಗುತ್ತಾರೆ. ಅವನು ಸಿಡುಕಿದರೆ ನಾಡೇ ಸಿಡುಕಿನದೆಂದು ಇನ್ನೊಬ್ಬರಿಗೆ ಹೇಳುತ್ತಾರೆ. ಇಷ್ಟು ದೊಡ್ಡ ಹೊಣೆಯನ್ನು ಹೊತ್ತ ಯುವಕನಿಗೆ ನಾವು ಕಲಿಸಿರುವುದೇನು? ಸೇರಿದ ದಿನ ತೋರಿಸಿದ ನಾಲ್ಕು ಕೆಲಸಗಳು. ಆ ಮೇಲೆ ತಪ್ಪಿದಾಗಲೆಲ್ಲ ಬೈಗುಳು. ಬೈಗುಳಿನಿಂದ ಹೆದರಿಕೆ ಬರುವುದೇ ಹೊರತು ವಿದ್ಯೆ ಬಾರದು.

ಹಿಂದಿನ ಕಾಲದಲ್ಲಿ ಬಾಲಕನು ಎಳೆಯ ವಯಸ್ಸಿಗೇ ಬಂದು ಲೋಟ ತೊಳೆಯುತ್ತ, ಒಲೆಯ ಬಳಿ ಬೆಳೆಯುತ್ತ, ಹತ್ತು ವರ್ಷಕ್ಕೆ ಅಡಿಗೆಯವನಾಗುತ್ತಿದ್ದನು. ಬಾಲ್ಯವನ್ನೇ ಬೆಲೆಯಾಗಿ ತೆತ್ತು ಪಡೆದ ಕಲಿಕೆ ಅದು. 2006ರ ಅಕ್ಟೋಬರಿನಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಧಾಬಾ, ಚಹದಂಗಡಿಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. 2016ರ ತಿದ್ದುಪಡಿ ಆ ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸಿತು. ಇದು ಸರ್ವಥಾ ನ್ಯಾಯವಾದುದು. ಆದರೆ ಹಳೆಯ ದಾರಿ ಮುಚ್ಚಿದ ಮೇಲೆ ಹೊಸ ದಾರಿಯನ್ನು ತೆರೆಯಬೇಕಷ್ಟೆ. ಇಂದು ಪ್ರಾಯಕ್ಕೆ ಬಂದ ತರುಣನು ನೇರವಾಗಿ ಕೆಲಸಕ್ಕೆ ನಿಲ್ಲುತ್ತಾನೆ. ಅವನಿಗೆ ಕ್ರಮವರಿತು ಕಲಿಸದಿದ್ದರೆ ತಾನಾಗಿ ಕಲಿಯುವ ಅವಕಾಶ ಅವನಿಗಿಲ್ಲ.

ಒಮ್ಮೆ ಕಲಿಸಿ ಬಿಟ್ಟರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಕಟ್ಟಿಗೆಯ ಒಲೆ ಹೋಗಿ ಅನಿಲದ ಒಲೆ ಬಂದಿದೆ. ಅನಿಲ ಸೋರಿದಾಗ ದೀಪದ ಗುಂಡಿಯನ್ನು ಮುಟ್ಟದೆ ಕಿಟಕಿ ತೆರೆಯಬೇಕೆಂಬುದನ್ನು ಪದೇ ಪದೇ ಅಭ್ಯಾಸ ಮಾಡಿಸದಿದ್ದರೆ ಗಾಬರಿಯಲ್ಲಿ ಅದು ನೆನಪಾಗದು. ರೊಕ್ಕದ ಪೆಟ್ಟಿಗೆಯ ಸ್ಥಾನಕ್ಕೆ ಮೊಬೈಲಿನ ಪಾವತಿ ಬಂದಿದೆ. ಅದರೊಡನೆ ಹೊಸ ಮೋಸಗಳೂ ಬಂದಿವೆ. ಬೆಂದ ಅಡಿಗೆಯನ್ನು 60 ಡಿಗ್ರಿಗೆ ಮೇಲೆ ಬಿಸಿಯಾಗಿ ಇಡಬೇಕು, ಇಲ್ಲವೆ 5 ಡಿಗ್ರಿಯೊಳಗೆ ತಣ್ಣಗಿಡಬೇಕು. ನಡುವಣ ಬೆಚ್ಚಗಿನ ಸ್ಥಿತಿಯಲ್ಲಿ ರೋಗಾಣುಗಳು ಬಲಿಯುತ್ತವೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರಿ ಕಾಯುವ ನಮ್ಮ ಸೀಮೆಯಲ್ಲಿ ಮುಂಜಾನೆ ಮಾಡಿದ ಪಲ್ಯವೂ ಮೊಸರು ಬೆರೆಸಿದ ಚಟ್ನಿಯೂ ಮಧ್ಯಾಹ್ನಕ್ಕೆ ಏನಾಗುವುದೆಂಬುದನ್ನು ಪ್ರತಿ ವರ್ಷ ಚೈತ್ರಕ್ಕೆ ಮೊದಲು ಮತ್ತೆ ಹೇಳಿಕೊಡಬೇಕಾಗುವುದು. ಸುಣ್ಣಕಲ್ಲಿನ ನೆಲದ ಗಡಸು ನೀರು ಪಾತ್ರೆಗಳಿಗೆ ಪದರುಕಟ್ಟುತ್ತದೆ. ಅದನ್ನು ತೆಗೆಯುವ ಬಗೆಯೂ ಒಂದು ಪಾಠವೇ.

ಕಾನೂನು ಸಹ ಇದೇ ತತ್ತ್ವವನ್ನು ಒಪ್ಪಿಕೊಂಡಿದೆ. ಆಹಾರವನ್ನು ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ಆರೋಗ್ಯ ಪರೀಕ್ಷೆ ಆಗಬೇಕು. 25 ಮಂದಿಗೆ ಒಬ್ಬನಂತೆ ತರಬೇತಾದ ಮೇಲ್ವಿಚಾರಕನಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು ವಿಧಿಸಿದೆ. ವಿಧಿಯನ್ನು ಕಾಗದದ ಮೇಲೆ ಪೂರೈಸುವುದು ಸುಲಭ; ಕೈಗೆ ಅಭ್ಯಾಸವಾಗಿಸುವುದೇ ಕಷ್ಟ.

ಮತ್ತೆ ಮತ್ತೆ ಕಲಿಸುವ ಈ ಪದ್ಧತಿ ಪಶ್ಚಿಮದಿಂದ ಬಂದ ಹೊಸ ಆಡಂಬರವೆಂದು ಯಾರಾದರೂ ಭಾವಿಸಿದರೆ ಅವರು ಸನ್ನತಿಗೆ ಹೋಗಿ ಬರಲಿ. ಅಲ್ಲಿಯ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ತಿಳಿದುಬಂದಿತು. ವಿದ್ವಾಂಸರು ಪ್ರತ್ಯೇಕ ಶಾಸನಗಳೆಂದು ಕರೆಯುವ ಎರಡು ರಾಜಾಜ್ಞೆಗಳು ಅದರಲ್ಲಿವೆ. ಕಲ್ಲು ಭಗ್ನವಾಗಿದ್ದರೂ ಅವುಗಳ ಪಾಠವು ಒಡಿಶಾದ ಧೌಲಿ, ಜೌಗಡಗಳಲ್ಲಿಯೂ ಇರುವುದರಿಂದ ಅರ್ಥ ಸ್ಪಷ್ಟವಾಗಿದೆ. ಇವು ಅಧಿಕಾರಿಗಳಿಗೆ ಬರೆದ ಆಜ್ಞೆಗಳು. ಅಸೂಯೆ, ಕೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಬಳಲಿಕೆ ಇವುಗಳಿಂದ ಕರ್ತವ್ಯವು ಕೆಡುವುದೆಂದು ಅರಸನು ಎಚ್ಚರಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ನಡುನಡುವೆ ಒಬ್ಬನೇ ಇದ್ದರೂ ಅವನಿಗೆ ಕೇಳಿಸಬೇಕು ಎಂದು ವಿಧಿಸುತ್ತಾನೆ. ಎರಡನೆಯ ಆಜ್ಞೆಯಲ್ಲಿ ನಾಲ್ಕು ತಿಂಗಳಿಗೊಮ್ಮೆ ಎಂಬ ನಿಯಮವೇ ಇದೆ. ಚಕ್ರವರ್ತಿಯು ತನ್ನ ಮಹಾಮಾತ್ರರಿಗೇ ಮರಳಿ ಮರಳಿ ಪಾಠ ಬೇಕೆಂದು ಬಗೆದಿರಲು, ನಮ್ಮ ಖಾನಾವಳಿಯ ನೌಕರನಿಗೆ ಒಂದು ಸಲ ಹೇಳಿದರೆ ಸಾಕೆಂಬುದು ಯಾವ ನ್ಯಾಯ?

ಕನ್ನಡಿಗರ ಇತ್ತೀಚಿನ ಚರಿತ್ರೆಯಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ. ಕಳೆದ ಶತಮಾನದಲ್ಲಿ ಕರಾವಳಿಯಿಂದ ಮುಂಬಯಿಗೆ ಹೋದ ತರುಣರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರಲ್ಲಿ ಹಲವರು ಮುಂದೆ ತಾವೇ ಹೋಟೆಲುಗಳ ಒಡೆಯರಾದರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನ ಯಜ್ಞನಾರಾಯಣ ಮಯ್ಯರು ಹೆಸರು ಗಳಿಸಿದ ಮೇಲೆಯೂ 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಕಂಡುಬಂದು, ತಟ್ಟೆ ಲೋಟಗಳನ್ನು ಹಬೆಯಿಂದ ಶುದ್ಧಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ತಂದರು. ಯಜಮಾನನು ತಾನು ಕಲಿಯುವವನಾದರೆ ನೌಕರನಿಗೆ ಕಲಿಯುವುದು ಅವಮಾನವೆನಿಸದು.

ಇನ್ನು ಮಾಲಿಕರ ಮುಖ್ಯವಾದ ಆಕ್ಷೇಪವನ್ನು ನೋಡುವ. "ನಾವು ಖರ್ಚುಮಾಡಿ ಕಲಿಸುತ್ತೇವೆ, ಕಲಿತವನು ಹೈದರಾಬಾದಿಗೋ ಪುಣೆಗೋ ಹೊರಟುಹೋಗುತ್ತಾನೆ" ಎಂಬುದೇ ಅದು. ಈ ಅಂಜಿಕೆ ನಿರಾಧಾರವಲ್ಲ. ಈ ಸೀಮೆಯ ತರುಣರು ಕೂಲಿಯನ್ನರಸಿ ದೂರದ ನಗರಗಳಿಗೆ ವಲಸೆ ಹೋಗುತ್ತಿರುವುದು ನಮ್ಮ ಜನತೆಯ ಹಳೆಯ ದುಃಖ. ಆದರೆ ಕಲಿಯದವನು ಊರಲ್ಲೇ ನಿಂತನೇ? ಅವನೂ ಹೋದನು, ಹೋಗಿ ಕಟ್ಟಡದ ಮಣ್ಣು ಹೊತ್ತನು. ಕಲಿತು ಹೋದವನು ಮರ್ಯಾದೆಯ ಸಂಬಳಕ್ಕೆ ಹೋಗುತ್ತಾನೆ, ಒಂದು ದಿನ ಬಂಡವಾಳದೊಡನೆ ಮರಳುವ ಆಸೆಯನ್ನಾದರೂ ಇಟ್ಟುಕೊಳ್ಳುತ್ತಾನೆ. ಕಲಿಕೆಗೆ ತಕ್ಕಂತೆ ಸಂಬಳವನ್ನು ಏರಿಸಿ, ವಾರಕ್ಕೊಂದು ರಜೆ ಕೊಟ್ಟು, ಮನುಷ್ಯನೆಂದು ನಡೆಸಿಕೊಂಡರೆ ಹೋಗುವವರಲ್ಲಿ ಹಲವರು ನಿಂತಾರು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗದವರಿಗೆ ಸರಕಾರಿ ನೌಕರಿ ಹಾಗೂ ಶಿಕ್ಷಣದಲ್ಲಿ ಪಾಲನ್ನು ಕೊಟ್ಟಿದೆ. ಆದರೆ ಎಲ್ಲ ತರುಣರಿಗೂ ಕಚೇರಿಯ ಕುರ್ಚಿ ದೊರೆಯಲಾರದು. ಊರಲ್ಲೇ ನಡೆಯುವ ಉದ್ಯಮವು ಗೌರವದ ಜೀವನವಾಗಬೇಕಾದ ಅವಶ್ಯಕತೆ ಇರುವುದು ಇಲ್ಲಿಯೇ.

ಮಾಡಬೇಕಾದುದು ಅಸಾಧ್ಯವೇನಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹ ಮೊದಲಾಗುವ ನಡುವೆ ಪ್ರತಿಯೊಂದು ಖಾನಾವಳಿಯಲ್ಲಿಯೂ ಬಿಡುವಿನ ಹೊತ್ತುಂಟು. ಅದರಲ್ಲಿ ದಿನಕ್ಕೆ ಕಾಲು ಗಂಟೆ ಒಂದೇ ಒಂದು ವಿಷಯದ ಪಾಠವಾಗಲಿ: ಇಂದು ಕೈ ತೊಳೆಯುವ ಕ್ರಮ, ನಾಳೆ ಸುಟ್ಟಗಾಯಕ್ಕೆ ಪ್ರಥಮ ಚಿಕಿತ್ಸೆ, ನಾಡಿದ್ದು ಮುನಿದ ಗಿರಾಕಿಗೆ ಉತ್ತರ ಕೊಡುವ ರೀತಿ. ನಾಲ್ಕು ತಿಂಗಳಿಗೊಮ್ಮೆ ಐದೂ ಊರುಗಳ ಮಾಲಿಕರು ಕೂಡಿ ದೊಡ್ಡ ವರ್ಗವನ್ನು ನಡೆಸಲಿ. ಕಾರ್ಖಾನೆಗಳ ಅತಿಥಿಗೃಹಗಳಲ್ಲಿರುವ ನುರಿತ ಅಡಿಗೆಯವರನ್ನು ಗುರುಗಳಾಗಿ ಕರೆಯಲಿ. ವಾಡಿ, ಚಿತ್ತಾಪುರ, ಸೇಡಂಗಳಿಗೆ ಒಂದೇ ರೈಲಿದೆ, ಶಹಾಬಾದವು ವಾಡಿಗೆ ನೆರೆ. ಚಿಂಚೋಳಿಗೆ ಮಾತ್ರ ಗುರುವೇ ಹೋಗಬೇಕು. ಪಾಠವು ತಿಳಿಗನ್ನಡದಲ್ಲಿರಬೇಕು, ಅದರೊಡನೆ ತೆಲುಗು, ಮರಾಠಿ, ಉರ್ದು, ಹಿಂದಿಗಳ ಹತ್ತಾರು ಉಪಚಾರದ ಮಾತುಗಳನ್ನೂ ಕಲಿಸಬೇಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆ ಇವುಗಳ ಗುಣವನ್ನು ಪರಸ್ಥಳದವನಿಗೆ ವಿವರಿಸಬಲ್ಲ ನೌಕರನು ನಾಡಿನ ರಾಯಭಾರಿಯೇ ಸರಿ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನು ಈ ವರ್ಗಗಳಿಂದ ಹೊರಗಿಡಕೂಡದು.

ಕೊನೆಗೆ ವಾಚಕರಿಗೂ ಒಂದು ಮಾತು. ದಾಸೋಹವನ್ನು ಧರ್ಮವೆಂದು ಕೊಂಡಾಡುವ ನಾಡು ನಮ್ಮದು. ಆದರೆ ಬಡಿಸಲು ಬಂದವನನ್ನು "ಏ ಹುಡುಗಾ" ಎಂದು ಕೂಗುವವರೂ ನಾವೇ. ಅವನ ಕೆಲಸವನ್ನು ವಿದ್ಯೆಯೆಂದು ನಾವು ಒಪ್ಪುವವರೆಗೆ ಅವನು ಅದನ್ನು ವಿದ್ಯೆಯೆಂದು ಕಲಿಯಲಾರನು. ಮಾಲಿಕರು ಕಲಿಸಲಿ, ನೌಕರರು ಕಲಿಯಲಿ, ಉಣ್ಣುವವರು ಗೌರವಿಸಲಿ. ಈ ಮೂರೂ ಕೂಡಿದಲ್ಲಿ ಈ ಐದು ಊರುಗಳ ಉದ್ಯಮವು ಏಳಿಗೆ ಹೊಂದುವುದರಲ್ಲಿ ನಮಗೆ ಸಂದೇಹವಿಲ್ಲ.