ಸುತ್ತಿಗೆ ಬೇಡ, ನಟ್ ಸಾಕು

ಮನೆಯಂಗಳದಲ್ಲೇ ಕಾರಿನ ಮುಂದಿನ ಚಕ್ರದ ಹಬ್ ಬದಲಿಸಲು ಹೊರಟವರು ಸಾಮಾನ್ಯವಾಗಿ ಪೇಚಿಗೆ ಸಿಕ್ಕುವುದು ಒಂದೇ ಕಡೆ. ಹಳೆಯ ಹಬ್ ಕಳಚಿದ್ದಾಯಿತು, ಹೊಸದು ಕೂತದ್ದೂ ಆಯಿತು. ಆದರೆ ಆ್ಯಕ್ಸಲ್‌ನ ತುದಿ ಅದರ ತೂತಿನಲ್ಲಿ ಅರ್ಧ ಹೋಗಿ ನಿಂತುಬಿಡುತ್ತದೆ. ಅಂಗಡಿಯವನು ತಪ್ಪು ಸಾಮಾನು ಕೊಟ್ಟನೇ ಎಂಬ ಅನುಮಾನ ಮೊದಲು. ಕೈ ಸುತ್ತಿಗೆಯತ್ತ ಹೋಗುವುದು ಆಮೇಲೆ.

ಸಾಮಾನು ಸರಿಯಾಗಿಯೇ ಇರಬಹುದು. ಆ್ಯಕ್ಸಲ್ ತುದಿಯ ಸುತ್ತ ಉದ್ದುದ್ದ ಹಲ್ಲುಗಳಿವೆ, ಹಬ್‌ನ ಒಳಮೈಯಲ್ಲಿ ಅವುಗಳಿಗೆ ಹೊಂದುವ ಸಂದುಗಳಿವೆ. ಗ್ಯಾರೇಜಿನವರು ಸ್ಪ್ಲೈನ್ ಎನ್ನುವುದು ಇದಕ್ಕೇ. ಎಂಜಿನ್ನಿನ ಬಲ ಚಕ್ರಕ್ಕೆ ದಾಟುವುದು ಈ ಹಲ್ಲುಗಳಿಂದ. ಅವು ಸಡಿಲವಾಗಿದ್ದರೆ ಕ್ಲಚ್ ಬಿಟ್ಟಾಗಲೆಲ್ಲ ‘ಟಕ್’ ಎನ್ನುತ್ತದೆ. ಹಾಗಾಗಬಾರದೆಂದು ಅನೇಕ ತಯಾರಕರು ಆ್ಯಕ್ಸಲ್‌ನ ಹಲ್ಲುಗಳನ್ನು ಪೂರ್ತಿ ನೆಟ್ಟಗೆ ಕೊರೆಯದೆ, ಕಣ್ಣಿಗೆ ಕಾಣದಷ್ಟು ಓರೆ ಮಾಡಿರುತ್ತಾರೆ. ಒಳಗೆ ಹೋದಷ್ಟೂ ಬಿಗಿ. ಅಂದರೆ ಬರಿಗೈಯಲ್ಲಿ ತಳ್ಳಿದರೆ ಹೋಗದಿರುವುದೇ ಅದರ ಸ್ವಭಾವ. ಹಳೆ ಆ್ಯಕ್ಸಲ್‌ನ ತುಕ್ಕೂ ಸೇರಿಕೊಂಡರೆ ಕೇಳುವುದೇ ಬೇಡ. ತಂತಿ ಬ್ರಷ್‌ನಿಂದ ಹಲ್ಲುಗಳ ಸಂದಿಯನ್ನೆಲ್ಲ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿದರೆ ಅರ್ಧ ಕೆಲಸ ಮುಗಿದ ಹಾಗೆ. ಎರಡೂ ಕಡೆಯ ಹಲ್ಲುಗಳನ್ನು ಎಣಿಸಿಕೊಂಡರೆ ಅಂಗಡಿಯವನ ಮೇಲಿನ ಅನುಮಾನವೂ ತೀರುತ್ತದೆ.

ಇನ್ನು ಸುತ್ತಿಗೆಯ ವಿಷಯ. ಹಬ್ ಕೂತಿರುವುದು ಬೇರಿಂಗ್‌ನ ಒಳಬಳೆಯಲ್ಲಿ. ಒಳಬಳೆಗೂ ಹೊರಬಳೆಗೂ ನಡುವೆ ಎರಡು ಸಾಲು ಉಕ್ಕಿನ ಗುಂಡುಗಳು. ಹೊರಬಳೆ ಅಲ್ಲಾಡದಂತೆ, ಚಕ್ರವನ್ನು ಹೊತ್ತು ನಿಂತ ಭಾಗವಾದ ನಕಲ್‌ನೊಳಗೆ ಭದ್ರವಾಗಿದೆ. ಹಬ್‌ನ ಮುಖಕ್ಕೆ ಹೊರಗಿನಿಂದ ಹೊಡೆದ ಪೆಟ್ಟು ನಕಲ್ ಮುಟ್ಟಬೇಕಾದರೆ ಗುಂಡುಗಳನ್ನು ದಾಟಿಯೇ ಹೋಗಬೇಕು. ಗುಂಡು ಬಳೆಯನ್ನು ಮುಟ್ಟುವ ಜಾಗವೋ ಎಳ್ಳುಕಾಳಿಗಿಂತ ಚಿಕ್ಕದು. ಅಲ್ಲಿ ಗಡಸು ಉಕ್ಕಿನಲ್ಲೂ ಕುಳಿ ಬೀಳುತ್ತದೆ. ಸ್ವೀಡನ್ನಿನ ಎಂಜಿನಿಯರ್ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಲೋಹಗಳ ಗಡಸುತನ ಅಳೆಯಲು ಇದನ್ನೇ ಪರೀಕ್ಷೆಯಾಗಿ ಮಾಡಿ ತೋರಿಸಿದ: 10 ಮಿ.ಮೀ. ಉಕ್ಕಿನ ಗುಂಡನ್ನು 3,000 ಕೆ.ಜಿ. ಭಾರದಲ್ಲಿ ಒತ್ತುವುದು, ಬಿದ್ದ ಕುಳಿಯ ಅಗಲ ನೋಡುವುದು. ಸುತ್ತಿಗೆ ಹಿಡಿದವರು ಆ ಪರೀಕ್ಷೆಯನ್ನು ಈಗಷ್ಟೇ ದುಡ್ಡು ಕೊಟ್ಟು ತಂದ ಬೇರಿಂಗ್‌ನೊಳಗೆ ನಡೆಸುತ್ತಿರುತ್ತಾರೆ.

ಆ್ಯಕ್ಸಲ್ ತುದಿಯ ಥ್ರೆಡ್ಡಿಗೆ ನಟ್ ಹಾಕಿ ಎಳೆದರೆ ಲೆಕ್ಕವೇ ಬೇರೆ. ನಟ್ ಹಬ್ಬನ್ನು ಒಳಕ್ಕೆ ಒತ್ತುತ್ತದೆ, ಅಷ್ಟೇ ಬಲದಿಂದ ಆ್ಯಕ್ಸಲನ್ನು ಹೊರಕ್ಕೆ ಸೆಳೆಯುತ್ತದೆ. ಎರಡು ಬಲಗಳೂ ಹಬ್ಬು-ಆ್ಯಕ್ಸಲ್‌ಗಳ ನಡುವೆಯೇ ತೀರಿಹೋಗುವುದರಿಂದ ಗುಂಡುಗಳಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಬಲವೇನು ಕಡಿಮೆಯೆ? ಅರ್ಧ ಮೀಟರ್ ಉದ್ದದ ಹಿಡಿಯ ತುದಿಗೆ 40 ಕೆ.ಜಿ. ಭಾರ ಬಿಟ್ಟರೆ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್. 24 ಮಿ.ಮೀ. ಥ್ರೆಡ್ಡಿನಲ್ಲಿ ಅದು ಹೆಚ್ಚುಕಡಿಮೆ 4 ಟನ್ ಸೆಳೆತವಾಗುತ್ತದೆ. ನಾವು ಹಾಕಿದ ಶ್ರಮದಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಘರ್ಷಣೆ ನುಂಗಿದ ಮೇಲೂ ಇಷ್ಟು ಉಳಿಯುತ್ತದೆ! ಎಳೆಯಲು ಹಳೆಯ ನಟ್ಟೇ ಸಾಕು. ಆದರೆ ಅದಕ್ಕೆ ಐದಾರು ಸುತ್ತಾದರೂ ಥ್ರೆಡ್ ಸಿಕ್ಕಿರಬೇಕು. ಒಂದೆರಡು ಸುತ್ತಿನ ಮೇಲೆ ಅಷ್ಟು ಭಾರ ಹೊರಿಸಿದರೆ ಥ್ರೆಡ್ ಕಿತ್ತುಬರುತ್ತದೆ. ತುದಿ ಅಷ್ಟು ಹೊರಗೆ ಬಾರದಿದ್ದರೆ ಅದಕ್ಕೆಂದೇ ಇರುವ ಪುಲ್ಲರ್ ಬಾಡಿಗೆಗೆ ತರುವುದು ಮೇಲು.

ಆ್ಯಕ್ಸಲ್ ಪೂರ್ತಿ ಕೂತ ಮೇಲೂ ನಟ್ಟಿನ ಕೆಲಸ ಮುಗಿಯುವುದಿಲ್ಲ. ಬಹಳಷ್ಟು ಕಾರುಗಳ ಬೇರಿಂಗ್‌ನಲ್ಲಿ ಒಳಬಳೆ ಒಂದೇ ತುಂಡಲ್ಲ, ಎರಡು ಹೋಳು. ಆ ಹೋಳುಗಳನ್ನು ಒತ್ತಿ ಒಂದಾಗಿ ಹಿಡಿದಿರುವುದು ಈ ನಟ್ಟಿನ ಸೆಳೆತವೇ. (ಕೆಲವು ಹೊಸ ಹಬ್‌ಗಳಲ್ಲಿ ಕಾರ್ಖಾನೆಯಲ್ಲೇ ಅಂಚು ಮಡಚಿ ಬಿಗಿದಿರುತ್ತಾರೆ.) ಆದ್ದರಿಂದ ನಟ್ ಸಡಿಲವಿದ್ದಾಗ ಚಕ್ರದ ಮೇಲೆ ಕಾರಿನ ಭಾರ ಬಿಡಬಾರದು, ‘ಸ್ವಲ್ಪ ಮುಂದಕ್ಕೆ ತಳ್ಳೋಣ’ ಎನ್ನಲೂಬಾರದು. ಹೋಳುಗಳು ಬೇರ್ಪಟ್ಟು ಗುಂಡುಗಳು ಬಳೆಯ ಅಂಚನ್ನು ಕೆಡಿಸುತ್ತವೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಬ್ಬರು ಬ್ರೇಕ್ ತುಳಿದು ಹಿಡಿದಿರುವಾಗ ಇನ್ನೊಬ್ಬರು ಹೊಸ ನಟ್ಟನ್ನು ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಎಷ್ಟೆಂಬುದು ಕಾರಿನಿಂದ ಕಾರಿಗೆ ಬೇರೆ. ಮ್ಯಾನುಯಲ್ ನೋಡದೆ ಅಂದಾಜು ಮಾಡುವ ಜಾಗ ಇದಲ್ಲ.

ಅಂಬಾಸಿಡರ್ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ. ಎಂಜಿನ್ ತಿರುಗಿಸುತ್ತಿದ್ದುದು ಹಿಂದಿನ ಚಕ್ರಗಳನ್ನು. 1983ರಲ್ಲಿ ಮಾರುತಿ 800 ಬಂದ ಮೇಲೆ, ಹೊರಳುವ ಮುಂಚಕ್ರವನ್ನೇ ಎಂಜಿನ್ನೂ ತಿರುಗಿಸುವ ಏರ್ಪಾಡು ನಮ್ಮ ಬೀದಿಗಳಲ್ಲಿ ಮಾಮೂಲಾಯಿತು. ಹಾಗೆ ಹೊರಳಲೆಂದೇ ಆ್ಯಕ್ಸಲ್‌ನ ಹೊರತುದಿಯಲ್ಲಿ ಗುಂಡುಗಳುಳ್ಳ ಸಿ.ವಿ. ಜಾಯಿಂಟ್ ಇದೆ.

ಹಬ್ ಬದಲಿಸುವ ಮೊದಲು ಆ ಜಾಯಿಂಟಿನ ಸದ್ದನ್ನೂ ಗುರುತಿಸಿಕೊಳ್ಳಬೇಕು. ಬೇರಿಂಗ್ ಸವೆದಿದ್ದರೆ ವೇಗದೊಂದಿಗೆ ಏರುವ ಗುಂಯ್‌ಗುಟ್ಟುವಿಕೆ. ತಿರುವಿನಲ್ಲಿ ಭಾರ ಹೊರಚಕ್ರಕ್ಕೆ ವಾಲುವುದರಿಂದ, ಎಡಕ್ಕೆ ತಿರುಗುವಾಗ ಸದ್ದು ಜೋರಾದರೆ ಕೆಟ್ಟಿರುವುದು ಬಹುಮಟ್ಟಿಗೆ ಬಲಗಡೆಯದು. ಹಾಗಲ್ಲದೆ ಸ್ಟೀರಿಂಗ್ ಪೂರ್ತಿ ಎಳೆದು ಮೆಲ್ಲನೆ ಹೊರಟಾಗ ಕಟಕಟ ಎಂದರೆ ಹಬ್ಬಿನದೇನೂ ತಪ್ಪಿಲ್ಲ. ಜಾಯಿಂಟಿನ ರಬ್ಬರ್ ಬೂಟು ಎಲ್ಲಿ ಹರಿದಿದೆ ಎಂದು ಬಗ್ಗಿ ನೋಡಿ.