ಪ್ಲೈವುಡ್ ಪೇಟೆ: ಇಂಡೋನೇಷ್ಯಾದ ಕೈತಪ್ಪಿ ಚೀನಾದ ಪಾಲಿಗೆ

ಮುಂಬಯಿ, ಪುಣೆಯಂತಹ ನಗರಗಳಲ್ಲಿ ಹೊಸ ಫ್ಲ್ಯಾಟಿನ ಅಡುಗೆಮನೆ ಕಪಾಟಿಗೋ ಮಂಚಕ್ಕೋ ಪ್ಲೈವುಡ್ ಕೊಳ್ಳುವವರು ಕೇಳುವುದು ದಪ್ಪವೆಷ್ಟು, ಚದರಡಿಗೆ ದರವೆಷ್ಟು ಎಂದಷ್ಟೇ. ಆದರೆ ಈ ಹಲಗೆಯ ವ್ಯಾಪಾರದ ಹಿಂದೆ ಎರಡು ದೇಶಗಳ ದೊಡ್ಡ ಕಥೆಯೇ ಇದೆ. 1990ರ ದಶಕದ ಆರಂಭದಲ್ಲಿ ಪ್ಲೈವುಡ್ ರಫ್ತಿನಲ್ಲಿ ಜಗತ್ತಿಗೇ ಮೊದಲಿಗನಾಗಿದ್ದುದು ಇಂಡೋನೇಷ್ಯಾ. ಅಂದು ಅದರ ದೊಡ್ಡ ಗಿರಾಕಿಗಳಲ್ಲಿ ಒಂದಾಗಿದ್ದ ಚೀನಾ ಇಂದು ಆ ಸ್ಥಾನದಲ್ಲಿದೆ.

1970ರ ದಶಕದಲ್ಲಿ ಇಂಡೋನೇಷ್ಯಾ ತನ್ನ ಕಾಡಿನ ಮೆರಾಂಟಿ ದಿಮ್ಮಿಗಳನ್ನು ಹಾಗೆಯೇ ಹಡಗಿಗೇರಿಸಿ ಜಪಾನ್, ಕೊರಿಯಾ, ತೈವಾನ್‌ಗಳಿಗೆ ಕಳುಹಿಸುತ್ತಿತ್ತು. ಲಾಭವೆಲ್ಲ ಅಲ್ಲಿನ ಕಾರ್ಖಾನೆಗಳಿಗೆ. ಇದನ್ನು ತಡೆಯಲು ಸರಕಾರ 1980ರಿಂದ ಹಂತ ಹಂತವಾಗಿ ಕಡಿತ ತಂದು, 1985ರಲ್ಲಿ ದಿಮ್ಮಿ ರಫ್ತನ್ನೇ ನಿಷೇಧಿಸಿತು. ದೇಶದೊಳಗೆ ನೂರಕ್ಕೂ ಹೆಚ್ಚು ಪ್ಲೈವುಡ್ ಕಾರ್ಖಾನೆಗಳು ತಲೆಯೆತ್ತಿದವು. ಯಾರು, ಯಾವ ದೇಶಕ್ಕೆ, ಎಷ್ಟು, ಯಾವ ದರಕ್ಕೆ ಮಾರಬೇಕೆಂಬುದನ್ನು ಆಪ್ಕಿಂಡೊ ಎಂಬ ಉತ್ಪಾದಕರ ಸಂಘವೇ ನಿರ್ಧರಿಸುತ್ತಿತ್ತು. ಅದರ ಚುಕ್ಕಾಣಿ ಹಿಡಿದಿದ್ದವರು ಅಧ್ಯಕ್ಷ ಸುಹಾರ್ತೊ ಅವರ ಆಪ್ತ ಬಾಬ್ ಹಸನ್.

ಯಶಸ್ಸಿನಲ್ಲೇ ಹುಳುಕೂ ಇತ್ತು. ದಿಮ್ಮಿ ಹೊರಗೆ ಹೋಗುವಂತಿಲ್ಲವಾದ್ದರಿಂದ ದೇಶದೊಳಗೆ ಅದು ಅಗ್ಗವಾಯಿತು. ಅಗ್ಗದ ಮಾಲನ್ನು ಪೋಲು ಮಾಡಲು ಯಾರಿಗೂ ಅಳುಕಿರುವುದಿಲ್ಲ. ಕಾರ್ಖಾನೆಗಳ ಹಸಿವು ಕಾಡಿನ ಶಕ್ತಿಯನ್ನು ಮೀರಿತು, ಕಳ್ಳ ಕಡಿತ ಆ ಕೊರತೆ ತುಂಬಿತು. 1998ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿನಂತೆ ಆಪ್ಕಿಂಡೊ ಹಿಡಿತ ಕೊನೆಗೊಂಡಿತು. ಹಸನ್ 2001ರಲ್ಲಿ ಭ್ರಷ್ಟಾಚಾರದ ಮೊಕದ್ದಮೆಯಲ್ಲಿ ಜೈಲು ಸೇರಿದರು.

ಅದೇ 1998ರಲ್ಲಿ ಯಾಂಗ್ತ್ಸೆ ನದಿಯ ಭೀಕರ ನೆರೆಯ ಬಳಿಕ ಚೀನಾ ತನ್ನ ನೈಸರ್ಗಿಕ ಕಾಡುಗಳ ಕಡಿತಕ್ಕೆ ಕಡಿವಾಣ ಹಾಕಿತು. ಕಾಡು ಮುಚ್ಚಿದ ಮೇಲೆ ಉದ್ಯಮವೂ ಮುಚ್ಚಬೇಕಿತ್ತು, ಆದದ್ದು ತದ್ವಿರುದ್ಧ. ಶಾಂಡಾಂಗ್, ಜಿಯಾಂಗ್ಸು ಪ್ರಾಂತಗಳ ರೈತರು ಹೊಲದಂಚಿನಲ್ಲಿ, ಕಾಲುವೆ ಬದಿಯಲ್ಲಿ ಪಾಪ್ಲರ್ ಬೆಳೆದರು. ಸಣ್ಣ ದಿಮ್ಮಿಯನ್ನೂ ತೆಳುವಾಗಿ ಸುಲಿಯುವ ಯಂತ್ರಗಳು ಊರೂರಿಗೆ ಬಂದವು. ಲಿನ್ಯಿ ನಗರ ಪ್ಲೈವುಡ್ ರಾಜಧಾನಿಯಾಯಿತು. 2001ರ ಸುಮಾರಿಗೆ ಆಮದಿಗಿಂತ ರಫ್ತು ಹೆಚ್ಚಾಗಿ, ಅದೇ ದಶಕದಲ್ಲಿ ಚೀನಾ ಅಗ್ರಸ್ಥಾನಕ್ಕೇರಿತು.

ಹಾಗೆಂದು ಚೀನಾಕ್ಕೆ ಪೂರ್ತಿ ಅಂಕ ಕೊಡುವಂತಿಲ್ಲ. ಒಳಪದರ ರೈತರ ಪಾಪ್ಲರ್ ಆದರೂ, ಮೇಲಿನ ಚೆಂದದ ಪದರಕ್ಕೆ ಅದು ಆಫ್ರಿಕಾ, ಪಪುವಾ ನ್ಯೂಗಿನಿಗಳ ಕಾಡನ್ನೇ ನೆಚ್ಚಿತು. ಆ ದೇಶಗಳೂ ಇಂಡೋನೇಷ್ಯಾದ ಹಾದಿ ಹಿಡಿಯತೊಡಗಿವೆ: ಗ್ಯಾಬೊನ್ 2010ರಲ್ಲಿ ದಿಮ್ಮಿ ರಫ್ತು ನಿಷೇಧಿಸಿತು. ಇತ್ತ ಅಮೆರಿಕ 2018ರ ಆರಂಭದಲ್ಲಿ ಚೀನಾದ ಪ್ಲೈವುಡ್ ಮೇಲೆ ಶೇ. 183 ಮೀರಿದ ಡಂಪಿಂಗ್ ವಿರೋಧಿ ಸುಂಕ ಹೇರಿತು; ವಿಯೆಟ್ನಾಂಗೆ ಅದೃಷ್ಟ ಖುಲಾಯಿಸಿತು.

ಭಾರತಕ್ಕೂ ಇಂತಹದೇ ಬಿಸಿ ತಟ್ಟಿದೆ. 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶ ಈಶಾನ್ಯದ ಪ್ಲೈವುಡ್ ಕಾರ್ಖಾನೆಗಳಿಗೆ ಬೀಗ ಹಾಕಿಸಿತು. 2014ರಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿದಾಗ ಗರ್ಜನ್ ಮರಕ್ಕೆ ಬರ ಬಂತು. ಉದ್ಯಮವನ್ನು ಉಳಿಸಿದ್ದು ಯಮುನಾನಗರದ ಸುತ್ತಲಿನ ರೈತರ ಪಾಪ್ಲರ್, ಕೇರಳದ ರಬ್ಬರ್ ಮರ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ ಕರಿಮೆಣಸಿನ ಬಳ್ಳಿಗೂ ನೆಟ್ಟ ಸಿಲ್ವರ್ ಓಕ್ ಕೂಡ ಇಂದು ಪ್ಲೈವುಡ್ ಕಾರ್ಖಾನೆಯ ದಾರಿ ಹಿಡಿಯುತ್ತಿದೆ.

ಇಂಡೋನೇಷ್ಯಾವೂ ಬದಲಾಗಿದೆ. ಜಾವಾದ ರೈತರು ಹಿತ್ತಲಲ್ಲಿ, ಹೊಲದಲ್ಲಿ ಬೆಳೆಯುವ ಸೆಂಗೊನ್ ಎಂಬ ಹಗುರ ಮರ ಈಗ ಅಲ್ಲಿನ ಕಾರ್ಖಾನೆಗಳ ಯಂತ್ರಕ್ಕೆ ಏರುತ್ತಿದೆ. ಕಾನೂನುಬದ್ಧ ಮರದ ಪರವಾನಗಿಯೊಂದಿಗೆ ಐರೋಪ್ಯ ಒಕ್ಕೂಟಕ್ಕೆ ಮಾಲು ಕಳುಹಿಸಿದ ಮೊದಲ ದೇಶವೂ ಅದೇ. ಅದು 2016ರ ನವೆಂಬರಿನಲ್ಲಿ.